ಹದಿಮೂರರ ಸ್ಪ್ಯಾನರಿಗೆ ಸಿಗದ ನಟ್ಟು

ನಮ್ಮ ಅಡಿಗೆಮನೆಯ ಗೂಡಿನಲ್ಲಿ ಸಾಸಿವೆ, ಮೆಂತ್ಯದ ಡಬ್ಬಿಗಳ ಪಕ್ಕಕ್ಕೆ ಇನ್ನೊಂದು ಹಳೆಯ ತಗಡಿನ ಡಬ್ಬಿಯಿದೆ. ಮನೆಗೆ ಬಂದವರು ಕಾಫಿಪುಡಿ ಇರಬಹುದೆಂದು ಮುಚ್ಚಳ ತೆಗೆದು ಬೆಚ್ಚಿಬಿದ್ದದ್ದುಂಟು. ಅದರ ತುಂಬ ನಟ್ಟು, ಬೋಲ್ಟು, ವಾಷರು. "ಇದೇನ್ರೀ, ಅಡಿಗೆಮನೆಯಲ್ಲೇ ಗ್ಯಾರೇಜು ಇಟ್ಟುಬಿಟ್ಟಿದ್ದೀರಲ್ಲ!" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಡಬ್ಬಿಯ ತಳದಲ್ಲಿ ಕಾಗದದಲ್ಲಿ ಸುತ್ತಿಟ್ಟ ಒಂದು ನಟ್ಟಿದೆ. ಅದರ ಮೂಲೆಗಳೆಲ್ಲ ಸವೆದುಹೋಗಿವೆ, ಒಂದು ಮಗ್ಗುಲು ಉಳಿಯ ಏಟಿಗೆ ಸೀಳಿದೆ. ಅದರ ವಿಷಯಕ್ಕೆ ಮಾತ್ರ ನನಗೆ ಇಂದಿಗೂ ನಗು ಬರುವುದಿಲ್ಲ.

1996ರ ಜೂನ್ ತಿಂಗಳು. ನಾವಾಗ ಭದ್ರಾವತಿಯಲ್ಲಿದ್ದೆವು. ನನ್ನ ತಂಗಿ ಬಿ.ಎಡ್. ಮುಗಿಸಿ ಎರಡು ವರ್ಷ ಮನೆಯಲ್ಲೇ ಕುಳಿತಿದ್ದಳು. ಕಡೆಗೂ ಶಿವಮೊಗ್ಗದ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು, ಬೆಳಿಗ್ಗೆ ಹತ್ತು ಗಂಟೆಗೆ. ಬಸ್ಸಿನ ನೂಕುನುಗ್ಗಲಿನಲ್ಲಿ ಇಸ್ತ್ರಿ ಮಾಡಿದ ಸೀರೆ ಮುದುಡಿಹೋಗುತ್ತದೆಂದು ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಇಪ್ಪತ್ತು ಕಿಲೋಮೀಟರಿನ ಹಾದಿ ಎನ್ನಿ. ಮುಕ್ಕಾಲು ಗಂಟೆ ಮೊದಲೇ ಮುಟ್ಟುತ್ತೇವೆಂಬ ಲೆಕ್ಕಾಚಾರ ನನ್ನದು.

ಮಾಚೇನಹಳ್ಳಿ ಸೇರುವ ಮೊದಲೇ ಹಿಂದಿನ ಚಕ್ರ ಪಂಕ್ಚರಾಯಿತು. ನಾನೇನೂ ಹೆದರಲಿಲ್ಲ. ಸ್ಟೆಪ್ನಿಯಲ್ಲಿ ಗಾಳಿಯಿತ್ತು, ಚಕ್ರ ಬದಲಿಸಲು ನನಗೆ ಬರುತ್ತಿತ್ತು. ಆ ಗೇರಿನ ಸ್ಕೂಟರುಗಳ ಚಕ್ರಕ್ಕೆ ಐದು ನಟ್ಟು, ಐದಕ್ಕೂ ಹದಿಮೂರು ಮಿಲಿಮೀಟರಿನ ಸ್ಪ್ಯಾನರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತೆ. ನಾಲ್ಕು ನಟ್ಟು ಸಲೀಸಾಗಿ ಬಂದವು. ಐದನೆಯದಕ್ಕೆ ಸ್ಪ್ಯಾನರು ಕೂರಲೇ ಇಲ್ಲ. ಕಣ್ಣಿಗೆ ಅದೂ ಉಳಿದ ನಾಲ್ಕರಂತೆಯೇ ಕಾಣುತ್ತಿತ್ತು. ಕೊಳೆ ಕಟ್ಟಿರಬೇಕೆಂದು ಒರೆಸಿದೆ, ಕೆರೆದೆ. ಊಹೂಂ. ಕೂದಲೆಳೆಯಷ್ಟು ದೊಡ್ಡದು!

"ಅಕ್ಕಾ, ಒಂಬತ್ತೂವರೆ" ಎಂದಳು ತಂಗಿ. ಬಸ್ಸಿಗೆ ಕೈಮಾಡಿದೆವು. ತುಂಬಿದ ಬಸ್ಸು, ನಿಲ್ಲಲಿಲ್ಲ. ಒಂದು ಲಾರಿ ನಿಂತಿತು, ಕ್ಲೀನರ್ ಹುಡುಗ ಇಳಿದು ಬಂದ. ಅವನು ತಂದ ಹದಿನಾಲ್ಕರ ಸ್ಪ್ಯಾನರು ಸಡಿಲವಾಗಿ, ತಿರುಗಿಸಿದಂತೆಲ್ಲ ನಟ್ಟಿನ ಮೂಲೆ ಸವೆಯುತ್ತ ಹೋಯಿತು. ಆಮೇಲೆ ಅಡ್ಜಸ್ಟಬಲ್ ಸ್ಪ್ಯಾನರು ತಂದ. ಅದು ಉಳಿದ ಮೂಲೆಗಳನ್ನೂ ತಿಂದಿತು. ಕೊನೆಗೆ ಉಳಿ, ಸುತ್ತಿಗೆ. ನಟ್ಟು ಸೀಳಿತು, ಜೊತೆಗೆ ಅದು ಕೂತಿದ್ದ ಸ್ಟಡ್ಡೂ ಮುರಿಯಿತು. ನಾಲ್ಕೇ ನಟ್ಟಿನಲ್ಲಿ ಚಕ್ರ ಕೂರಿಸಿ, ಜೀವ ಕೈಯಲ್ಲಿ ಹಿಡಿದು ಮೆಲ್ಲಗೆ ಹೋಗಿ ಶಾಲೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಸಂದರ್ಶನ ಮುಗಿದಿತ್ತು. "ಟೈಮಿಗೆ ಬರೋಕಾಗದವರು ಮಕ್ಕಳಿಗೇನು ಟೈಂ ಕಲಿಸ್ತೀರಮ್ಮಾ?" ಎಂದರು ಒಳಗಿದ್ದವರು. ತಂಗಿ ತಲೆ ತಗ್ಗಿಸಿಕೊಂಡು ಹೊರಗೆ ಬಂದಳು. ಅವಳ ಸೀರೆಯ ಇಸ್ತ್ರಿ ಮಾತ್ರ ಹಾಗೆಯೇ ಇತ್ತು.

ಸ್ಕೂಟರನ್ನು ಹಿಂದಿನ ವಾರವಷ್ಟೇ ಸರ್ವಿಸಿಗೆ ಬಿಟ್ಟಿದ್ದೆ. ಸಂಜೆ ಆ ಗ್ಯಾರೇಜಿಗೆ ಹೋಗಿ ಮುರಿದ ನಟ್ಟು ತೋರಿಸಿದೆ. "ಹಳೇ ನಟ್ಟು ಎಲ್ಲೋ ಬಿದ್ದೋಯ್ತು ಅಕ್ಕಾ. ಇದ್ದುದನ್ನ ಅಡ್ಜಸ್ಟ್ ಮಾಡಿ ಹಾಕಿದ್ವಿ. ಟೈಟಾಗೇ ಇತ್ತಲ್ಲ?" ಎಂದ. ನಾನು ದನಿಯೇರಿಸಿದಾಗ, "ಯಜಮಾನ್ರನ್ನ ಕಳ್ಸಿ, ಅವರಿಗೆ ಹೇಳ್ತೀನಿ. ನಿಮಗೆ ಇದೆಲ್ಲ ತಿಳಿಯಲ್ಲ" ಎಂದ. ನಮ್ಮ ಯಜಮಾನರಿಗೋ ಆ ಸ್ಕೂಟರಿನ ಸ್ಟೆಪ್ನಿ ಯಾವ ಬದಿಗಿದೆಯೆಂದೂ ಗೊತ್ತಿರಲಿಲ್ಲ!

ನನಗೆ ತಿಳಿಯುವುದಿಲ್ಲ ಎಂದನಲ್ಲ, ಆ ಮಾತು ನಾಟಿತು. ನಮ್ಮ ಬೀದಿಯಲ್ಲಿ ಲೇತಿನ ಮೇಲೆ ಮೂವತ್ತು ವರ್ಷ ದುಡಿದು ನಿವೃತ್ತರಾದ ಟರ್ನರ್ ಒಬ್ಬರಿದ್ದರು. ಅವರ ಮುಂದೆ ನಟ್ಟು ಇಟ್ಟೆ. ವರ್ನಿಯರ್ ತಂದು ಅಳೆದು, "ಇದು ಇಂಚಿನ ನಟ್ಟಮ್ಮಾ. ಐದು ಬೈ ಹದಿನಾರು. ಮಿಲಿಮೀಟರ್ ಸ್ಟಡ್ಡಿಗೆ ಇದನ್ನ ಹೊಡೆದು ಕೂರಿಸಿದ್ದಾರೆ" ಎಂದರು. ಅವರು ಅಂದು ಹೇಳಿಕೊಟ್ಟದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಕಷ್ಟದ್ದೇನೂ ಅಲ್ಲ.

ಆ ಚಕ್ರದ ಸ್ಟಡ್ಡಿನ ದಪ್ಪ 8 ಮಿಲಿಮೀಟರ್. ಇಂಚಿನ ಲೆಕ್ಕದಲ್ಲಿ 5/16 ಎಂದರೆ 7.94 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ತಿರುಪಿನ ಸುತ್ತುಗಳ ನಡುವಿನ ಅಂತರ ಬೇರೆ. ಸ್ಟಡ್ಡಿನಲ್ಲಿ ಒಂದು ಸುತ್ತಿನಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್. ಆ ಹಳೆಯ ಇಂಗ್ಲಿಷ್ ನಟ್ಟಿನಲ್ಲಿ ಇಂಚಿಗೆ 18 ಸುತ್ತು, ಅಂದರೆ ಸುಮಾರು 1.41. ರವಿಕೆಯ ಹುಕ್ಕುಗಳನ್ನು ಒಂದು ಅಂತರದಲ್ಲೂ ಕುಣಿಕೆಗಳನ್ನು ಇನ್ನೊಂದು ಅಂತರದಲ್ಲೂ ಹೊಲಿದರೆ ಏನಾಗುತ್ತದೆ? ಮೊದಲ ಹುಕ್ಕು ಕೂರುತ್ತದೆ, ಎರಡನೆಯದೂ ಹೇಗೋ ಕೂರುತ್ತದೆ, ಮೂರನೆಯದಕ್ಕೆ ಬಟ್ಟೆ ಜಗ್ಗುತ್ತದೆ. ನಟ್ಟಿನದೂ ಅದೇ ಪಾಡು. ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಅದನ್ನು ಬಲವಂತವಾಗಿ ತಿರುಗಿಸಿದರೆ ಕಬ್ಬಿಣ ಕಬ್ಬಿಣವನ್ನು ಕೊರೆಯುತ್ತದೆ. ನಮ್ಮ ಗ್ಯಾರೇಜಿನವನು "ಟೈಟಾಗೇ ಇತ್ತಲ್ಲ" ಎಂದನಲ್ಲ, ಆ ಟೈಟು ಹಿಡಿತದ್ದಲ್ಲ, ಒಳಗೆ ಥ್ರೆಡ್ಡು ಸಾಯುತ್ತಿದ್ದುದರದ್ದು. ಇನ್ನು ನಟ್ಟಿನ ಹೊರಗಿನ ಅಳತೆ 13.3 ಮಿಲಿಮೀಟರ್. ನನ್ನ ಹದಿಮೂರರ ಸ್ಪ್ಯಾನರು ಹೇಗೆ ತಾನೆ ಕೂತೀತು? ತಂಗಿಯ ಕೆಲಸ ಹೋದದ್ದು ಈ 0.3 ಮಿಲಿಮೀಟರಿನ ದೆಸೆಯಿಂದ.

ಇಂಥ ಅಳತೆಗೇಡು ಎಲ್ಲಿಂದ ಬಂತು? ಕಥೆ ಹಳೆಯದು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗೊಂದು ಬಗೆಯ ತಿರುಪು. ಜೋಸೆಫ್ ವಿಟ್‌ವರ್ತ್ ಎಂಬ ಇಂಜಿನಿಯರು ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ಹಿಡಿದು, ಎಲ್ಲರೂ ಇದನ್ನೇ ಬಳಸೋಣವೆಂದು 1841ರಲ್ಲಿ ಸೂಚಿಸಿದ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿಯೇ ಸುಲಭವೆಂದು ಬೇರೆ ದಾರಿ ಹಿಡಿದ. ಯೂರೋಪಿನ ಉಳಿದವರು ಮಿಲಿಮೀಟರಿಗೆ ಹೋದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನೂ ಅಮೆರಿಕವೂ ಹೆಗಲಿಗೆ ಹೆಗಲು ಕೊಟ್ಟು ಕಾದಾಡಿದರೂ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಆಗಲಿಲ್ಲ. ಬುದ್ಧಿ ಬಂದು, ಕೆನಡವನ್ನೂ ಸೇರಿಸಿಕೊಂಡು ಒಂದು ಒಪ್ಪಂದಕ್ಕೆ ಬಂದದ್ದು 1948ರಲ್ಲಿ.

ಅಳತೆ ಹೊಂದದಿದ್ದರೆ ಊರೇ ಸುಡಬಹುದು ಎಂಬುದಕ್ಕೂ ಸಾಕ್ಷಿಯಿದೆ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕುಗಳಿಂದ ಅಗ್ನಿಶಾಮಕದವರು ಧಾವಿಸಿ ಬಂದರು. ಆದರೆ ಅವರಲ್ಲಿ ಬಹಳ ಮಂದಿಯ ಕೊಳವೆಗಳ ತಿರುಪು ಬಾಲ್ಟಿಮೋರಿನ ನೀರಿನ ನಲ್ಲಿಗೆ ಕೂರಲಿಲ್ಲ. ಸಾವಿರದೈನೂರಕ್ಕೂ ಹೆಚ್ಚು ಕಟ್ಟಡಗಳು ಉರಿದುಹೋದವು. ನೀರಿತ್ತು, ಜನರಿದ್ದರು, ಮನಸ್ಸೂ ಇತ್ತು. ಹೊಂದದೆ ಹೋದದ್ದು ತಿರುಪು ಮಾತ್ರ.

ನಮ್ಮ ದೇಶಕ್ಕೆ ವಾಹನಗಳು ಬಂದದ್ದು ನಾಲ್ಕು ದಿಕ್ಕಿನಿಂದ. ಬುಲೆಟ್ಟು ಇಂಗ್ಲೆಂಡಿನ ಇಂಚನ್ನು ತಂದಿತು. ಜೀಪು ಅಮೆರಿಕದ ಇಂಚನ್ನು ತಂದಿತು. ಇಟಲಿಯ ಮೂಲದ ಫಿಯೆಟ್ ಕಾರು, ಸ್ಕೂಟರುಗಳು ಮಿಲಿಮೀಟರಿನವು. 1980ರ ದಶಕದಲ್ಲಿ ಜಪಾನಿನ ಕಾರು, ಬೈಕುಗಳು ಬಂದವು. ಅವೂ ಮಿಲಿಮೀಟರೇ, ಆದರೆ ಅದೇ 8 ಮಿಲಿಮೀಟರ್ ಬೋಲ್ಟಿಗೆ ಯೂರೋಪಿನವರು 13ರ ತಲೆ ಕೊಟ್ಟರೆ ಜಪಾನಿನವರು 12ರ ತಲೆ ಕೊಟ್ಟರು. 10 ಮಿಲಿಮೀಟರ್ ಬೋಲ್ಟಿಗೆ ಕೆಲವರದು 17, ಕೆಲವರದು 16, ಜಪಾನಿನದು 14. ಪ್ಲಸ್ ಸ್ಕ್ರೂವಿನಲ್ಲೂ ಭೇದ. ಜಪಾನಿನ ಪ್ಲಸ್ಸಿಗೆ ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರು ಹಾಕಿ ಒತ್ತಿದರೆ ಜಾರಿ ಗುಳಿ ಸವೆದುಹೋಗುತ್ತದೆ. "ಸ್ಕ್ರೂ ಸ್ಲಿಪ್ಪಾಯ್ತು" ಎಂದು ತಪ್ಪನ್ನು ಸ್ಕ್ರೂವಿನ ಮೇಲೆ ಹಾಕುತ್ತೇವೆ. ಇಷ್ಟೂ ಒಂದೇ ಬೀದಿಯ ಒಂದೇ ಗ್ಯಾರೇಜಿನ ಒಂದೇ ಡಬ್ಬಿಯಲ್ಲಿ ಕಲೆಸಿಹೋದವು. ಇದು ನಮಗೆ ಬಂದ ಪಿತ್ರಾರ್ಜಿತ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ, ಒಪ್ಪುತ್ತೇನೆ.

ಹಾಗೆಂದು ಸುಮ್ಮನಿರಬೇಕೆ? ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಾಗಿರಲಿಲ್ಲ. ಹಾಗಿದ್ದುದರಿಂದ ಲಾಭವಾದದ್ದು ಅಳೆದುಕೊಡುವವನಿಗೆ, ಅಳೆಸಿಕೊಳ್ಳುವವಳಿಗಲ್ಲ. 1956ರಲ್ಲಿ ಕಾನೂನು ಮಾಡಿ, ಕೆಲವೇ ವರ್ಷಗಳಲ್ಲಿ ಇಡೀ ದೇಶವನ್ನು ಕಿಲೋ, ಲೀಟರು, ಮೀಟರುಗಳಿಗೆ ತಂದರು. ಓದು ಬಾರದ ಹೆಂಗಸರೂ ಕಲಿತರು. ಅಂಗಡಿಯಲ್ಲಿ ಯಾವ ಕಂಪೆನಿಯ ಬಲ್ಬು ತಂದರೂ ನಮ್ಮ ಮನೆಯ ಹೋಲ್ಡರಿಗೆ ಕೂರುತ್ತದೆ. ಅದು ತಾನಾಗಿ ಆದದ್ದಲ್ಲ, ಯಾರೋ ಕುಳಿತು, ಒಪ್ಪಿ, ಬರೆದಿಟ್ಟದ್ದು. ಅದೇ ಕುಕ್ಕರಿನ ಗ್ಯಾಸ್ಕೆಟ್ಟು ನೋಡಿ, ಕಂಪೆನಿಗೊಂದು, ಲೀಟರಿಗೊಂದು. ಬಲ್ಬಿಗೆ ಆದದ್ದು ಗ್ಯಾಸ್ಕೆಟ್ಟಿಗೆ ಯಾಕಾಗಲಿಲ್ಲ? ಆಗಲಿ ಎಂದು ಯಾರೂ ಪಟ್ಟುಹಿಡಿಯಲಿಲ್ಲ, ಅಷ್ಟೇ.

ಇಂಜಿನಿಯರುಗಳು ನನ್ನ ಮೇಲೆ ಹರಿಹಾಯಬಹುದು. "ನೋಡಮ್ಮಾ, ಎಲ್ಲಕ್ಕೂ ಒಂದೇ ಅಳತೆ ಸಾಧ್ಯವಿಲ್ಲ. ಇಂಜಿನ್ನಿನ ಬೋಲ್ಟು ಬೇರೆ, ಮುಚ್ಚಳದ ಸ್ಕ್ರೂ ಬೇರೆ." ನಿಜ. ಒಗ್ಗರಣೆ ಸೌಟಿನಲ್ಲಿ ಅನ್ನ ಬಡಿಸುವವಳು ನಾನಲ್ಲ. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಸಿಕ್ಕಸಿಕ್ಕವರು ಬಿಚ್ಚದಂತೆ ಬೀಗದಂಥ ತಿರುಪು ಹಾಕಿದರೆ ಅದಕ್ಕೂ ನನ್ನ ತಕರಾರಿಲ್ಲ, ಅದು ಜೀವದ ಪ್ರಶ್ನೆ. ಆದರೆ ಸೀಟಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳಕ್ಕೆ, ಹೆಡ್‌ಲೈಟಿನ ಬಲ್ಬಿನ ಮುಂದಿನ ಕವಚಕ್ಕೆ, ನಾನು ಬಿಚ್ಚಿದರೆ ಯಾರೂ ಸಾಯದ ಜಾಗಕ್ಕೆ, ನಕ್ಷತ್ರದಾಕಾರದ ಗುಳಿಯ ತಿರುಪು ಹಾಕಿ, ಅದರ ನಡುವೆ ಒಂದು ಮೊಳಕೆಯನ್ನೂ ನಿಲ್ಲಿಸಿ, ಅಂಗಡಿಯ ಸಾಮಾನ್ಯ ಹತಾರ ಹೋಗದಂತೆ ಮಾಡುವುದು ಯಾವ ಸುರಕ್ಷತೆ? ಬಲ್ಬು ಬದಲಿಸಲೂ ನಮ್ಮ ಬಾಗಿಲಿಗೇ ಬನ್ನಿ ಎಂಬ ವ್ಯಾಪಾರ ಅದು. ಗಾಡಿ ಮಾರಿದ ಮೇಲೂ ಕೀಲಿಕೈ ತನ್ನಲ್ಲೇ ಇಟ್ಟುಕೊಳ್ಳುವ ಮನೆಯ ಮಾಲೀಕನ ಜಾತಿಯದು.

ಟೂಲ್‌ಕಿಟ್ಟಿನ ಕಥೆಯೂ ಅಷ್ಟೇ. ನಮ್ಮ ಹಳೆಯ ಸ್ಕೂಟರಿನ ಹತಾರದ ಚೀಲ ತೂಕವಾಗಿತ್ತು. ನಾನು ಈಚೆಗೆ ಕೊಂಡ ಗಾಡಿಯಲ್ಲಿ ಸಿಕ್ಕಿದ್ದು ಒಂದು ಪ್ಲಗ್ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು. "ಉಳಿದದ್ದು?" ಎಂದರೆ, ಶೋರೂಮಿನ ಹುಡುಗ ನಕ್ಕು, "ಲೇಡೀಸ್ ಯಾರು ಬಿಚ್ತಾರೆ ಮೇಡಂ? ಒಂದು ಫೋನ್ ಮಾಡಿ, ನಾವೇ ಬರ್ತೀವಿ" ಎಂದ. ಬರುತ್ತಾರೆ, ಶಿವಮೊಗ್ಗದ ಪೇಟೆಯೊಳಗಾದರೆ. ತೀರ್ಥಹಳ್ಳಿಯ ದಾರಿಯಲ್ಲಿ ಆಷಾಢದ ಮಳೆಯಲ್ಲಿ ಸಂಜೆ ಏಳಕ್ಕೆ ನಿಂತರೆ, ಫೋನಿಗೆ ಸಿಗ್ನಲ್ಲೇ ಇಲ್ಲದಿದ್ದರೆ ಯಾರು ಬರುತ್ತಾರೆ?

ಕಾರು ಇಟ್ಟುಕೊಂಡ ಗೆಳತಿಯರು ಇದು ಸ್ಕೂಟರಿನವರ ಪಾಡೆಂದು ಪುಟ ತಿರುಗಿಸಬೇಡಿ. ನಿಮ್ಮ ಕಾರಿನ ಚಕ್ರದ ನಟ್ಟು ಎಷ್ಟರದು? ಕೆಲವಕ್ಕೆ 17, ಕೆಲವಕ್ಕೆ 19, ಕೆಲವಕ್ಕೆ 21. ಪಕ್ಕದ ಮನೆಯ ಕಾರಿನ ಸ್ಪ್ಯಾನರು ನಿಮ್ಮದಕ್ಕೆ ಆಗಲೇಬೇಕೆಂದಿಲ್ಲ. ಇನ್ನೂ ಕೆಟ್ಟದ್ದೆಂದರೆ, 12 ಮಿಲಿಮೀಟರಿನ ಒಂದೇ ದಪ್ಪದ ಸ್ಟಡ್ಡಿನಲ್ಲಿ ಕೆಲವು ಕಾರುಗಳ ಸುತ್ತಿನ ಅಂತರ 1.25, ಕೆಲವುಗಳದು 1.5. ಒಂದರ ನಟ್ಟನ್ನು ಇನ್ನೊಂದಕ್ಕೆ ಗಾಳಿಯಂತ್ರದ ಗನ್ನಿನಿಂದ ಟರ್ರೆಂದು ಹೊಡೆದರೆ ಅದೂ ನಮ್ಮ ಐದನೆಯ ನಟ್ಟಿನ ಹಾಗೆ "ಟೈಟಾಗೇ" ಕೂರುತ್ತದೆ. ನಿಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿರುವಾಗ ಚಕ್ರವನ್ನು ಹಿಡಿದಿರುವುದು ಅಂಥ ನಟ್ಟು ಎಂದಾದರೆ ನಿದ್ದೆ ಬಂದೀತೇ?

ಗ್ಯಾರೇಜಿನ ಹುಡುಗರೊಬ್ಬರನ್ನೇ ಬೈದು ಕೈತೊಳೆದುಕೊಳ್ಳುವುದೂ ಅನ್ಯಾಯ. ಅವರಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲೇ ಕೆಲಸಕ್ಕೆ ಸೇರಿ, ಏಟು ತಿಂದು ಕಲಿತವರು. ಇಂಚು ಮಿಲಿಮೀಟರಿನ ಭೇದವನ್ನು ಯಾರೂ ಕೂರಿಸಿಕೊಂಡು ಹೇಳಿದ್ದಿಲ್ಲ. ಸರಿಯಾದ ನಟ್ಟು ತರಿಸಿ ಬಿಲ್ಲಿಗೆ ಸೇರಿಸಿದರೆ "ಒಂದು ನಟ್ಟಿಗೂ ದುಡ್ಡೇನಪ್ಪಾ?" ಎಂದು ಚೌಕಾಸಿ ಮಾಡುವವರು ನಾವೇ. ಸಂಜೆಯೊಳಗೆ ಗಾಡಿ ಕೊಡು ಎಂದು ಅವಸರಿಸುವವರೂ ನಾವೇ. ಆ ವಾರ ನಾನೂ ಅವಸರ ಮಾಡಿದ್ದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹವೂ ಅಡ್ಜಸ್ಟ್ ಮಾಡಿ ಕೂರಿಸಿದ ನಟ್ಟೇ ಆದೀತು.

ಅಡ್ಜಸ್ಟ್! ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ. ನಮ್ಮಲ್ಲಿ ಗಂಡುಮಕ್ಕಳಿಗೆ ಹತಾರ ಕೊಡುತ್ತೇವೆ, ಹೆಣ್ಣುಮಕ್ಕಳಿಗೆ ಈ ಮಾತು ಕೊಡುತ್ತೇವೆ. ಹೋದ ಮನೆಯಲ್ಲಿ ಅಡ್ಜಸ್ಟ್ ಮಾಡಿಕೋ, ಬಸ್ಸಿನ ಸೀಟಿನಲ್ಲಿ ಅಡ್ಜಸ್ಟ್ ಮಾಡಿಕೋ, ಬಂದ ಗಾಡಿಯಲ್ಲಿ, ಸಿಕ್ಕ ನಟ್ಟಿನಲ್ಲಿ ಅಡ್ಜಸ್ಟ್ ಮಾಡಿಕೋ. ಎಲ್ಲಕ್ಕೂ ಹೊಂದುವವಳೇ ಒಳ್ಳೆಯವಳು. ಆ ಲಾರಿ ಹುಡುಗನ ಅಡ್ಜಸ್ಟಬಲ್ ಸ್ಪ್ಯಾನರನ್ನು ನಾನು ಮರೆತಿಲ್ಲ. ಅದು ಎಲ್ಲ ನಟ್ಟಿಗೂ ಆಗುತ್ತದೆ, ಯಾವುದನ್ನೂ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಟರ್ನರ್ ಯಜಮಾನರು ಅದನ್ನು ಮುಟ್ಟುತ್ತಲೇ ಇರಲಿಲ್ಲ. "ಅಳತೆ ಗೊತ್ತಿಲ್ಲದೋನ ಹತಾರ ಅದು" ಎನ್ನುತ್ತಿದ್ದರು. ಹೊಂದದ್ದು ಹೊಂದುವುದಿಲ್ಲ ಎಂದು ಹೇಳುವುದು ಹಟಮಾರಿತನವಲ್ಲ. ಹೊಂದಿತು ಎಂದು ಸುಳ್ಳು ಹೇಳಿದರೆ ದಾರಿಯ ನಡುವೆ ಚಕ್ರ ಕಳಚುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ನಿಮ್ಮ ಗಾಡಿಯ ನಾಲ್ಕೇ ಅಂಕಿ ಕಲಿಯಿರಿ: ಚಕ್ರದ ನಟ್ಟಿನದು, ಬ್ಯಾಟರಿ ತುದಿಯದು, ಕನ್ನಡಿಯದು, ಪ್ಲಗ್ಗಿನದು. ಹಳೆಯ ಗೇರಿನ ಸ್ಕೂಟರುಗಳ ಪ್ಲಗ್ಗಿಗೆ 21ರ ಸ್ಪ್ಯಾನರು ಬೇಕಿತ್ತು, ಈಗಿನ ಎಷ್ಟೋ ಸ್ಕೂಟರುಗಳಿಗೆ 16ರದು. ನಮ್ಮ ಪೇಟೆಯ ಸ್ಪ್ಯಾನರುಗಳು ಜೋಡಿಯಲ್ಲಿ ಬರುತ್ತವೆ: 8-9, 10-11, 12-13, 14-15. ಈ ನಾಲ್ಕು ಜೋಡಿಯಿದ್ದರೆ ಸಣ್ಣಪುಟ್ಟ ಕೆಲಸ ಮುಕ್ಕಾಲು ಪಾಲು ಮುಗಿಯಿತು. ಮಗ್ಗಿ ಕಲಿತ ನಮಗೆ ಇದೇನು ಮಹಾ?

ಸರ್ವಿಸಿನಿಂದ ಗಾಡಿ ಬಂದಾಗ ದುಡ್ಡು ಕೊಡುವ ಮೊದಲು ನಿಮ್ಮ ಸ್ಪ್ಯಾನರನ್ನು ಚಕ್ರದ ಒಂದೊಂದು ನಟ್ಟಿಗೂ ಕೂರಿಸಿ ನೋಡಿ. ಎರಡು ನಿಮಿಷದ ಕೆಲಸ. ಎಲ್ಲದಕ್ಕೂ ಒಂದೇ ಸ್ಪ್ಯಾನರು ಕೂರಬೇಕು. ನಟ್ಟು ಬದಲಿಸಿದ್ದರೆ ಹಳೆಯದನ್ನು ಕೇಳಿ ಪಡೆಯಿರಿ. ನಿಮ್ಮೆದುರೇ ಹಾಕುವುದಾದರೆ ಮೊದಲ ಕೆಲವು ಸುತ್ತನ್ನು ಬರಿಗೈಯಲ್ಲಿ ತಿರುಗಿಸಲು ಹೇಳಿ. ಸರಿಯಾದ ನಟ್ಟು, ಶುದ್ಧವಾದ ಸ್ಟಡ್ಡು ಆದರೆ ಬೆರಳಿನಲ್ಲೇ ಒಳಗೆ ಹೋಗುತ್ತದೆ. ಮೊದಲ ಸುತ್ತಿಗೇ ಸ್ಪ್ಯಾನರು ಬೇಕಾಯಿತೆಂದರೆ ಅಲ್ಲೇ ನಿಲ್ಲಿಸಿ. ಸರಿಯಾದ ನಟ್ಟಿನ ಬೆಲೆಗೆ ಮಾತ್ರ ಚೌಕಾಸಿ ಬೇಡ. ಸೊಪ್ಪಿನವಳ ಹತ್ತಿರವೂ ಬೇಡ, ಆ ಮಾತು ಬೇರೆ.

ಇನ್ನು ಕೇಳಬೇಕಾದವರನ್ನು ಕೇಳೋಣ. ದುರಸ್ತಿಯ ಹಕ್ಕು ಎಂಬ ಮಾತು ನಮ್ಮಲ್ಲೂ ಬಂದಿದೆ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಅದಕ್ಕೊಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಕೃಷಿ ಉಪಕರಣ, ಫೋನು, ಮನೆಬಳಕೆಯ ಯಂತ್ರಗಳ ಜೊತೆಗೆ ವಾಹನಗಳೂ ಇದ್ದವು. ಅದು ಕಾಗದದ ಮೇಲೇ ಉಳಿಯಬಾರದು. ಯೂರೋಪಿನ ಒಕ್ಕೂಟ ಪಟ್ಟುಹಿಡಿದು, 2024ರ ಡಿಸೆಂಬರಿನಿಂದ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರಿನ ಬಾಯಿ ಇರಬೇಕೆಂದು ಮಾಡಿತು. ಆಗುವುದೇ ಇಲ್ಲ ಎನ್ನುತ್ತಿದ್ದ ಕಂಪೆನಿಗಳೇ ಮಾಡಿ ತೋರಿಸಿದವು. ಫೋನಿಗೆ ಆಗುವುದಾದರೆ ಚಕ್ರಕ್ಕೆ ಯಾಕಾಗದು? ನನ್ನ ಬೇಡಿಕೆ ದೊಡ್ಡದಲ್ಲ. ಬಳಸುವವರು ಬಿಚ್ಚಬೇಕಾದ ಜಾಗಗಳಿಗೆಲ್ಲ ಎರಡೋ ಮೂರೋ ಅಳತೆ ಮಾತ್ರ ಇರಲಿ. ಅಷ್ಟಕ್ಕೂ ಬೇಕಾದ ಹತಾರ ಗಾಡಿಯ ಜೊತೆಗೇ ಬರಲಿ. ಅಳತೆಗಳನ್ನು ಕನ್ನಡದಲ್ಲಿ ಅಚ್ಚುಮಾಡಿ ಸೀಟಿನ ಕೆಳಗೆ ಅಂಟಿಸಲಿ. ಹೊಸ ಗಾಡಿ ಕೊಳ್ಳುವ ದಿನ ಬಣ್ಣ ನೋಡುವಷ್ಟೇ ಹೊತ್ತು ಟೂಲ್‌ಕಿಟ್ಟನ್ನೂ ಬಿಚ್ಚಿ ನೋಡಿ, ಇಲ್ಲದಿದ್ದರೆ ಯಾಕಿಲ್ಲವೆಂದು ಎಲ್ಲರೆದುರು ಕೇಳಿ. ಒಬ್ಬಳು ಕೇಳಿದರೆ ನಗುತ್ತಾರೆ. ತಿಂಗಳಿಗೆ ಹತ್ತು ಮಂದಿ ಕೇಳಿದರೆ ಬರೆದುಕೊಳ್ಳುತ್ತಾರೆ.

ನನ್ನ ತಂಗಿಗೆ ಮುಂದೆ ಬೇರೆ ಕಡೆ ಕೆಲಸ ಸಿಕ್ಕಿತು, ಆದರೆ ಮೂರು ವರ್ಷ ಕಳೆದ ಮೇಲೆ. ಆ ಮೂರು ವರ್ಷದಲ್ಲಿ ಅವಳು ಕೇಳಿಸಿಕೊಂಡ ಮಾತುಗಳನ್ನು ಯಾವ ವರ್ನಿಯರಿನಲ್ಲೂ ಅಳೆಯಲಾಗದು. ಅವಳೀಗ ತನ್ನ ಗಾಡಿಯ ನಟ್ಟುಗಳನ್ನು ತಾನೇ ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ಗಾಡಿಯನ್ನು ಸರ್ವಿಸಿಗೆ ಬಿಟ್ಟು ತರುವಾಗ ನಾನೂ ಜೊತೆಗಿದ್ದೆ. ಅವಳು ಕೈಚೀಲದಿಂದ ಹನ್ನೆರಡು-ಹದಿಮೂರರ ಸ್ಪ್ಯಾನರು ತೆಗೆದು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಹುಡುಗ, "ಮೇಡಂ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದ.

"ನಿನ್ನ ಮೇಲಿದೆಯಪ್ಪಾ, ನಟ್ಟಿನ ಮೇಲಿಲ್ಲ" ಎಂದಳು ನನ್ನ ತಂಗಿ. ಒಂದೊಂದನ್ನೂ ನೋಡಿ ಮುಗಿಸಿ, ಕೈ ಒರೆಸಿಕೊಂಡು, ಆಮೇಲೆ ದುಡ್ಡು ಎಣಿಸಿದಳು.